ರಸ್ತೆ ಮೇಲೆ ಹರಿಯುವ ಮಳೆನೀರನ್ನು ಬೋರ್‌ವೆಲ್‌ಗೆ ಇಳಿಸಬಹುದಾ? ಅನುಭವ ಇರುವವರು ಹೇಳಿ

ಪ್ರಶ್ನೆ (ತುಮಕೂರು, ಬಟವಾಡಿ): ಬೇಸಿಗೆ ಬಂತೆಂದರೆ ನಮ್ಮ ಬೋರ್‌ನಲ್ಲಿ ನೀರು ಕಮ್ಮಿ. ಜೋರು ಮಳೆ ಬಂದಾಗ ಮಾತ್ರ ಮನೆ ಮುಂದಿನ ರಸ್ತೆಯಲ್ಲಿ ನೀರು ಸುಮ್ನೆ ಹರಿದು ಚರಂಡಿ ಸೇರುತ್ತದೆ. ಬೋರ್ ಬಾಯಿಗೆ ಇಳಿಸಿರುವ ಕೇಸಿಂಗ್ ಪೈಪಿನ ಸುತ್ತ ಗುಂಡಿ ತೆಗೆದು, ಜಲ್ಲಿ ತುಂಬಿ, ಆ ನೀರನ್ನು ಅಲ್ಲಿಗೆ ತಿರುಗಿಸೋಣ ಅಂತಿದ್ದೇನೆ. ಮಾಡಿದವರು ಇದ್ದೀರಾ?

ಕ್ಯಾತಸಂದ್ರದಿಂದ: ಅಣ್ಣಾ, ಗುಂಡಿ ತೆಗೆಸಿ, ಆದರೆ ರಸ್ತೆ ನೀರನ್ನು ದಯವಿಟ್ಟು ಅದಕ್ಕೆ ಬಿಡಬೇಡಿ. ನಾವು ಹೆದ್ದಾರಿ ಪಕ್ಕದವರು. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ರಸ್ತೆ ಅಂಚಿನ ನೀರನ್ನು ಗಾಜಿನ ಬಾಟಲಿಗೆ ಹಿಡಿದಿಟ್ಟಿದ್ದೆ. ಮರಳು ಆಗಿಂದಾಗಲೇ ತಳಕ್ಕೆ ಕೂತಿತು. ಬೆಳಿಗ್ಗೆ ನೋಡಿದರೆ ಅದರ ಮೇಲೆ ಕಾಡಿಗೆಯಂಥ ಕಪ್ಪು ಪದರ, ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ. ನಡುವಿನ ನೀರು ಮಾತ್ರ ಮರುದಿನವೂ ತಿಳಿಯಾಗಲಿಲ್ಲ.

ಭಯಪಡಬೇಕಾದ್ದು ಆ ತಿಳಿಯಾಗದ ನೀರಿಗೇ. ಸವೆದ ಟೈರ್ ಪುಡಿಯಲ್ಲಿ ಸತು ಇರುತ್ತದೆ, ಬ್ರೇಕ್ ಪುಡಿಯಲ್ಲಿ ತಾಮ್ರ. ಜೊತೆಗೆ ಸೋರಿದ ಆಯಿಲ್, ಹೊಗೆಯ ಮಸಿ. ಈ ಲೋಹಗಳು ಜಾಸ್ತಿ ಅಂಟಿಕೊಳ್ಳುವುದು ನುಣ್ಣನೆಯ ಕಣಗಳಿಗೆ. ಜಲ್ಲಿ ತಡೆಯುವುದು ದಪ್ಪ ಕಸವನ್ನು ಅಷ್ಟೇ. ನೀರಲ್ಲಿ ಕರಗಿದ್ದಂತೂ ಸಲೀಸಾಗಿ ಇಳಿದುಹೋಗುತ್ತದೆ. ಟೈರ್ ಬೇಗ ಬಿರಿಯದಿರಲಿ ಅಂತ ಹಾಕುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನ್ ತಾಗಿ ಇನ್ನೊಂದು ವಿಷವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದಾಗ ಹೊಳೆಯ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದುದು ಇದರಿಂದಲೇ ಅಂತ 2020ರಲ್ಲಿ ಗೊತ್ತಾಯಿತು. ನಮ್ಮ ರಸ್ತೆಯಲ್ಲೂ ಓಡುವುದು ಟೈರೇ ಅಲ್ವಾ?

ಮಣ್ಣಿನಲ್ಲಿ ನಿಧಾನವಾಗಿ ಇಂಗಿದರೆ ಮಣ್ಣು ಬಹಳಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೇಸಿಂಗ್‌ಗೆ ಬಿಟ್ಟರೆ ಆ ಅವಕಾಶವೇ ಇಲ್ಲ. ನಮ್ಮ ಕಡೆ ಅಡಿಯಲ್ಲಿರುವುದು ಗಟ್ಟಿ ಬಂಡೆ, ನೀರು ಓಡಾಡುವುದು ಅದರ ಬಿರುಕುಗಳಲ್ಲಿ. ಅಲ್ಲಿ ಏನೂ ಸೋಸುವುದಿಲ್ಲ. ನೀವು ಬಿಟ್ಟದ್ದು ಪಕ್ಕದ ಮನೆಯ ಬೋರ್‌ನಲ್ಲೂ ಬರಬಹುದು.

ಎಸ್‌ಐಟಿ ಬಡಾವಣೆಯಿಂದ: ಸರ್, ತಾರಸಿ ನೀರು ಬಿಡಿ, ಅದೇ ಬೇಕಾದಷ್ಟಾಗುತ್ತದೆ. 30x40 ಅಡಿ ತಾರಸಿಯಾದರೆ 1 ಮಿ.ಮೀ. ಮಳೆಗೆ ಸುಮಾರು 110 ಲೀಟರ್. ತಾರಸಿಯಿಂದ ಇಳಿಯುವ ಪೈಪಿಗೆ T ಆಕಾರದ ಒಂದು ಜೋಡಣೆ ಹಾಕಿ ಕೆಳಗೆ ವಾಲ್ವ್ ಕೂರಿಸಿದ್ದೇವೆ. ಮೊದಲ ಒಂದೆರಡು ಮಿಲಿಮೀಟರ್ ಮಳೆಯ ನೀರು ಹೊರಗೆ ಹೋಗುತ್ತದೆ. ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಕೊಚ್ಚಿಕೊಂಡು ಹೋಗುತ್ತದೆ. ಆಮೇಲೆ ಗುಂಡಿ ಕಡೆಗೆ ತಿರುಗಿಸುತ್ತೇವೆ.

ಮರಳೂರಿನಿಂದ: ರಸ್ತೆ ನೀರೂ ವ್ಯರ್ಥವಾಗಬಾರದು ಅನ್ನಿಸಿದರೆ ಬೋರ್‌ನಿಂದ ದೂರದಲ್ಲಿ ಉದ್ದಕ್ಕೆ ಒಂದು ತಗ್ಗು ಮಾಡಿ ಹುಲ್ಲು ಬೆಳೆಸಿ. ನೀರು ಹುಲ್ಲಿನೊಳಗೆ ನಿಧಾನ ಆಗುತ್ತದೆ, ಕಣಗಳು ಮೇಲ್ಮಣ್ಣಿನಲ್ಲೇ ಉಳಿಯುತ್ತವೆ. ನೀರು ಒಳಗೆ ಬರುವ ಕಡೆ ಸಣ್ಣ ತೊಟ್ಟಿ ಕಟ್ಟಿ ಹೂಳು ತೆಗೆಯುತ್ತಿರಬೇಕು. ಅಲ್ಲಿ ಸೊಪ್ಪು ತರಕಾರಿ ಮಾತ್ರ ಹಾಕಬೇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ತಾರಸಿ ನೀರನ್ನೇ ಬಿಡುತ್ತೇನೆ. ಆ ತೊಟ್ಟಿಯ ಹೂಳನ್ನು ಏನು ಮಾಡುತ್ತೀರಿ?

ಮರಳೂರಿನಿಂದ: ಗಿಡಕ್ಕೂ ಹಾಕುವುದಿಲ್ಲ, ಚರಂಡಿಗೂ ತಳ್ಳುವುದಿಲ್ಲ. ಚರಂಡಿಗೆ ತಳ್ಳಿದರೆ ಮುಂದಿನ ಮಳೆಗೆ ಯಾವುದೋ ಕೆರೆ ಸೇರುತ್ತದೆ. ಒಣಗಿಸಿ ಚೀಲಕ್ಕೆ ತುಂಬಿ ಕಸದ ಗಾಡಿಗೆ ಒಣ ಕಸದಿಂದ ಬೇರೆಯಾಗಿ ಕೊಡುತ್ತೇವೆ. ಮೇ ತಿಂಗಳಲ್ಲಿ ಮಳೆಗೆ ಮೊದಲೇ ಮನೆ ಮುಂದಿನ ರಸ್ತೆ ಧೂಳನ್ನೂ ಗುಡಿಸಿ ಎತ್ತಿಬಿಡಿ, ತೊಟ್ಟಿಗೆ ಬರುವ ಹೂಳು ಕಮ್ಮಿಯಾಗುತ್ತದೆ.