ಮೂಡಲ್‌ನ ಹೊಸ ಮೌಲ್ಯಮಾಪನ ಪುಟ: ಉಳಿಸಿದ ಅಂಕ ವಿದ್ಯಾರ್ಥಿಗೆ ಏಕೆ ಕಾಣುವುದಿಲ್ಲ?

ಪ್ರಶ್ನೆ (ಕನ್ನಡ ಅತಿಥಿ ಉಪನ್ಯಾಸಕಿ, ಗಂಗಾವತಿ):

ಮಾನ್ಯರೇ, ನಮ್ಮ ಪದವಿ ಕಾಲೇಜಿನ ಆನ್‌ಲೈನ್ ಪಾಠ, ಅಸೈನ್‌ಮೆಂಟ್‌ಗಳಿಗೆ ಬಳಸುವ ಮೂಡಲ್ ತಂತ್ರಾಂಶದ ತಾಣದಲ್ಲಿ ಹಳೆಯ 3.11ರ ಬದಲು ಈಗ 4.5ನೇ ಆವೃತ್ತಿ ಬಂದಿದೆ. ಮೊದಲು ಹಲ್ಲುಚಕ್ರದ ಗುರುತು ಒತ್ತಿದರೆ ಬೇಕಾದುದೆಲ್ಲ ಸಿಗುತ್ತಿತ್ತು. ಈಗ ಆ ಗುರುತೇ ಇಲ್ಲ. ಹೇಗೋ ಹುಡುಕಿ ಆಂತರಿಕ ಮೌಲ್ಯಮಾಪನದ ಅಸೈನ್‌ಮೆಂಟಿಗೆ ಅಂಕ ಹಾಕಿ ಉಳಿಸಿದ್ದೇನೆ. ನನ್ನ ಪರದೆಯಲ್ಲಿ ಅಂಕಗಳು ಸರಿಯಾಗಿಯೇ ಕಾಣುತ್ತಿವೆ, ಆದರೆ ಕಾರಟಗಿ, ಕನಕಗಿರಿ ಕಡೆಯಿಂದ ಬರುವ ವಿದ್ಯಾರ್ಥಿಗಳು "ಮೇಡಂ, ನಮಗೇನೂ ಬಂದಿಲ್ಲ" ಎಂದು ಫೋನ್ ಮಾಡುತ್ತಲೇ ಇದ್ದಾರೆ. ಇದಲ್ಲದೆ, ಕೈಬರಹದ ಹಾಳೆಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸುವುದರಿಂದ ಅರ್ಧದಷ್ಟು ಪುಟಗಳು ಅಡ್ಡಡ್ಡವಾಗಿರುತ್ತವೆ. ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಮೂಡಲ್ ನಿರ್ವಾಹಕ, ಬಳ್ಳಾರಿ):

ಮೇಡಂ, ಹಲ್ಲುಚಕ್ರದ ವಿಷಯ ಸಣ್ಣದು. 2022ರ 4.0 ಆವೃತ್ತಿಯಲ್ಲಿಯೇ ಅದನ್ನು ತೆಗೆದು, ಅದರೊಳಗಿನ ಆಯ್ಕೆಗಳನ್ನು ಪುಟದ ಮೇಲ್ಭಾಗದ ಟ್ಯಾಬ್‌ಗಳಿಗೆ ಹಂಚಿದರು. ಅಸೈನ್‌ಮೆಂಟ್ ತೆರೆದು 'ಸೆಟ್ಟಿಂಗ್ಸ್' ಮತ್ತು 'ಸಬ್‌ಮಿಷನ್ಸ್' ಎಂಬ ಎರಡು ಟ್ಯಾಬ್‌ಗಳನ್ನು ಗುರುತಿಟ್ಟುಕೊಂಡರೆ ನಿಮ್ಮ ಕೆಲಸಕ್ಕೆ ಸಾಕು.

ನಿಮ್ಮ ನಿಜವಾದ ತೊಂದರೆಗೆ ಹೊಸ ಆವೃತ್ತಿ ಕಾರಣವಲ್ಲವೆಂದೇ ನನ್ನ ಅಂದಾಜು. ಮೂಡಲ್‌ನಲ್ಲಿ ಅಂಕವನ್ನು ಉಳಿಸುವುದು ಬೇರೆ, ಪ್ರಕಟಿಸುವುದು ಬೇರೆ. ಅಸೈನ್‌ಮೆಂಟಿನ ಸೆಟ್ಟಿಂಗ್ಸ್‌ನಲ್ಲಿ 'ಮಾರ್ಕಿಂಗ್ ವರ್ಕ್‌ಫ್ಲೋ' ಎಂಬುದಕ್ಕೆ 'ಯೆಸ್' ಎಂದಿದ್ದರೆ, ಪ್ರತಿ ವಿದ್ಯಾರ್ಥಿಯ ಉತ್ತರವೂ ಮೌಲ್ಯಮಾಪನ ಆಗದಿರುವ ಸ್ಥಿತಿಯಿಂದ ಹಂತ ಹಂತವಾಗಿ ಸಾಗಿ ಕೊನೆಗೆ 'ರಿಲೀಸ್ಡ್' ಎಂಬ ಸ್ಥಿತಿಗೆ ಬರಬೇಕು. ಅಲ್ಲಿಯವರೆಗೆ ನೀವು ಎಷ್ಟೇ ಸಲ ಉಳಿಸಿದರೂ ಅಂಕವಾಗಲಿ ಟಿಪ್ಪಣಿಯಾಗಲಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದಿಲ್ಲ. ಇದು 2013ರ 2.6ನೇ ಆವೃತ್ತಿಯಿಂದಲೂ ಇರುವ ಸೌಲಭ್ಯ. ಎಲ್ಲರಿಗೂ ಒಂದೇ ದಿನ ಅಂಕ ಪ್ರಕಟಿಸಬೇಕಾದ ವಿಭಾಗಗಳಿಗೆ ಇದು ಬಹಳ ಅನುಕೂಲ, ಅದು ಚಾಲ್ತಿಯಲ್ಲಿದೆಯೆಂದು ತಿಳಿಯದವರಿಗೆ ಬರೀ ತಲೆನೋವು.

ನೀವು ಅತಿಥಿ ಉಪನ್ಯಾಸಕಿ ಎಂದು ಬರೆದಿರುವುದರಿಂದ ಇನ್ನೊಂದು ಮಾತನ್ನು ಹೇಳಲೇಬೇಕು. ಹಲವು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಿಗೆ 'ನಾನ್-ಎಡಿಟಿಂಗ್ ಟೀಚರ್' ಎಂಬ ಪಾತ್ರವನ್ನಷ್ಟೇ ಕೊಟ್ಟಿರುತ್ತಾರೆ. ಮೂಡಲ್‌ನ ಮೂಲ ವ್ಯವಸ್ಥೆಯಂತೆ ಆ ಪಾತ್ರದವರು ಅಂಕ ಹಾಕಬಹುದು, ಪ್ರಕಟಿಸುವ ಅಧಿಕಾರ ಅವರಿಗಿರುವುದಿಲ್ಲ. ಹಾಗಾಗಿ ಸ್ಥಿತಿಯ ಪಟ್ಟಿಯನ್ನು ಬಿಡಿಸಿದಾಗ 'ಮಾರ್ಕಿಂಗ್ ಕಂಪ್ಲೀಟೆಡ್' ಕಂಡು 'ರಿಲೀಸ್ಡ್' ಕಾಣದಿದ್ದರೆ ಮತ್ತೆ ಮತ್ತೆ ಹುಡುಕುತ್ತ ಕೂರಬೇಡಿ. ಕೋರ್ಸಿನ ಮುಖ್ಯ ಶಿಕ್ಷಕರಿಗೆ ತಿಳಿಸಿರಿ. ಅವರು ಸಬ್‌ಮಿಷನ್ಸ್ ಪುಟದಲ್ಲಿ ಎಲ್ಲರ ಹೆಸರನ್ನೂ ಆಯ್ದು, ಕೆಳಗಿನ ಆಯ್ಕೆಗಳಿಂದ ಸ್ಥಿತಿಯನ್ನು ಒಮ್ಮೆಲೇ ಬದಲಿಸಬಹುದು.

ಅಡ್ಡ ಪುಟಗಳಿಗೆ ಪರಿಹಾರ ಸುಲಭ. ಒಬ್ಬೊಬ್ಬರ ಉತ್ತರ ತೆರೆದಾಗ ಎಡಗಡೆ ಹಾಳೆ, ಬಲಗಡೆ ಅಂಕದ ಫಲಕ ಬರುತ್ತದೆಯಲ್ಲ, ಆ ಹಾಳೆಯ ಮೇಲಿನ ಉಪಕರಣಗಳ ಸಾಲಿನಲ್ಲಿಯೇ ಪುಟ ತಿರುಗಿಸುವ ಗುಂಡಿಗಳಿವೆ. ಟಿಪ್ಪಣಿ ಬರೆಯುವ ಮೊದಲೇ ತಿರುಗಿಸಿಕೊಳ್ಳಿ. ಪದೇ ಪದೇ ಬರೆಯಬೇಕಾಗುವ "ಕಾಗುಣಿತ ನೋಡಿಕೊಳ್ಳಿ" ಎಂಬಂಥ ಮಾತನ್ನು ಆ ಟಿಪ್ಪಣಿಯ ಮೆನುವಿನಿಂದ 'ಕ್ವಿಕ್‌ಲಿಸ್ಟ್'ಗೆ ಸೇರಿಸಿಟ್ಟರೆ ಮುಂದಿನ ಹಾಳೆಗಳಲ್ಲಿ ಮತ್ತೆ ಟೈಪ್ ಮಾಡಬೇಕಿಲ್ಲ. ಕನ್ನಡ ಮೇಷ್ಟ್ರುಗಳಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ.

ಮರುಪ್ರಶ್ನೆ (ವಾಣಿಜ್ಯ ಅಧ್ಯಾಪಕ, ರಾಯಚೂರು):

ಸರ್, ಇದೇ ಸಂದರ್ಭದಲ್ಲಿ ನನ್ನದೂ ಒಂದು ಸಂದೇಹ. ಪಟ್ಟಿಯಲ್ಲಿಯೇ ನೇರವಾಗಿ ಅಂಕ ತುಂಬುವ 'ಕ್ವಿಕ್ ಗ್ರೇಡಿಂಗ್' ಒಂದು ಅಸೈನ್‌ಮೆಂಟಿನಲ್ಲಿ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಅಂಕದ ಚೌಕವೇ ಬರುವುದಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ; ಮನೆಯಲ್ಲಿ ಕುಳಿತು ತುಂಬಿಸಿ ಆಮೇಲೆ ಏರಿಸುವ ಉಪಾಯವಿದೆಯೇ?

ಉತ್ತರ:

ಎರಡನೆಯ ಅಸೈನ್‌ಮೆಂಟಿಗೆ ಯಾರೋ ರೂಬ್ರಿಕ್, ಅಂದರೆ ಮಾನದಂಡವಾರು ಅಂಕ ಕೊಡುವ ಕೋಷ್ಟಕ, ಜೋಡಿಸಿರಬೇಕು ಸರ್. ರೂಬ್ರಿಕ್ ಇದ್ದಲ್ಲಿ ಒಟ್ಟು ಅಂಕವನ್ನು ಮಾನದಂಡಗಳ ಆಯ್ಕೆಯಿಂದಲೇ ಮೂಡಲ್ ಲೆಕ್ಕ ಹಾಕುವುದರಿಂದ ಪಟ್ಟಿಯಲ್ಲಿ ನೇರವಾಗಿ ತುಂಬಲು ಬಿಡುವುದಿಲ್ಲ. ಒಬ್ಬೊಬ್ಬರ ಪುಟವನ್ನೇ ತೆರೆಯಬೇಕು. ರೂಬ್ರಿಕ್ ಇಲ್ಲದಲ್ಲಿ, ಪುಟ ಬಿಡುವ ಮುನ್ನ ಉಳಿಸುವ ಗುಂಡಿ ಒತ್ತಿರಿ.

ಕರೆಂಟಿನ ಸಮಸ್ಯೆಗೆ 'ಆಫ್‌ಲೈನ್ ಗ್ರೇಡಿಂಗ್ ವರ್ಕ್‌ಶೀಟ್' ಇದೆ. ಸೆಟ್ಟಿಂಗ್ಸ್‌ನ 'ಫೀಡ್‌ಬ್ಯಾಕ್ ಟೈಪ್ಸ್' ಭಾಗದಲ್ಲಿ ಅದಕ್ಕೆ ಗುರುತು ಹಾಕಿದರೆ ವಿದ್ಯಾರ್ಥಿಗಳ ಪಟ್ಟಿಯನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಕಡತವಾಗಿ ಇಳಿಸಿಕೊಳ್ಳಬಹುದು. ಎಕ್ಸೆಲ್‌ನಲ್ಲಿ ಅಂಕದ ಮತ್ತು ಟಿಪ್ಪಣಿಯ ಕಾಲಂಗಳನ್ನು ಮಾತ್ರ ತುಂಬಿ, ಮೊದಲ 'ಐಡೆಂಟಿಫೈಯರ್' ಕಾಲಂ ಅನ್ನು ಮುಟ್ಟದೆ, ಸಿಎಸ್‌ವಿ ರೂಪದಲ್ಲಿಯೇ ಉಳಿಸಿ ಏರಿಸಬೇಕು. ಇದೂ ರೂಬ್ರಿಕ್ ಜೊತೆ ನಡೆಯುವುದಿಲ್ಲ. ಕಡತ ಇಳಿಸಿಕೊಂಡ ಮೇಲೆ ನೀವೋ ಸಹೋದ್ಯೋಗಿಯೋ ತಾಣದಲ್ಲಿ ಯಾರದಾದರೂ ಅಂಕ ತಿದ್ದಿದ್ದರೆ, ಏರಿಸುವಾಗ ಮೂಡಲ್ ಆ ಸಾಲನ್ನು ಬಿಟ್ಟುಬಿಡುತ್ತದೆ. ಏರಿಸುವ ಪುಟದಲ್ಲಿ ಅದನ್ನು ಮೀರಲು ಒಂದು ಚೌಕವಿದೆ, ಆದರೆ ಅದಕ್ಕೆ ಗುರುತು ಹಾಕುವ ಮುನ್ನ ಯಾವ ಅಂಕ ಸರಿಯೆಂದು ಸಹೋದ್ಯೋಗಿಯನ್ನು ಒಮ್ಮೆ ಕೇಳಿಬಿಡಿ.