ಪದಚರ್ಚೆ: ‘ನೇರವಾಗಿ ಹೇಳು’ ಎನ್ನುವ ಇಂಗ್ಲಿಷ್ ನುಡಿಗಟ್ಟುಗಳು – ಯಾವುದು ಎಲ್ಲಿ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಕಲಿಸಲು ಒಂದು ಪಟ್ಟಿ ಸಿದ್ಧವಾಗುತ್ತಿದೆ: ಕಾಲ್ ಎ ಸ್ಪೇಡ್ ಎ ಸ್ಪೇಡ್, ಬೀಟ್ ಅಬೌಟ್ ದ ಬುಷ್ (ಬೇಡ ಎನ್ನುವ ಅರ್ಥದಲ್ಲಿ), ಕಮ್ ಕ್ಲೀನ್, ಲೇ ಯುವರ್ ಕಾರ್ಡ್ಸ್ ಆನ್ ದ ಟೇಬಲ್, ನಾಟ್ ಮಿನ್ಸ್ ವರ್ಡ್ಸ್, ಸ್ಟ್ರೇಟ್ ಫ್ರಮ್ ದ ಹಾರ್ಸಸ್ ಮೌತ್. ಗೈಡುಗಳಲ್ಲಿ ಆರಕ್ಕೂ ಹೆಚ್ಚುಕಡಿಮೆ ‘ನೇರವಾಗಿ ಹೇಳು’ ಎಂದೇ ಅರ್ಥ ಕೊಟ್ಟಿರುತ್ತಾರೆ. ಒಂದರ ಬದಲು ಇನ್ನೊಂದು ನಡೆಯುತ್ತದೆಯೆ? ‘ಗುದ್ದಲಿಯನ್ನು ಗುದ್ದಲಿ ಎನ್ನು’ ಎಂಬ ಅನುವಾದ ಸರಿಯೆ? ಬುಷ್‌ಗೆ ‘ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ’ ಹೊಂದುತ್ತದೆಯೆ?

ಉತ್ತರ:

ನಡೆಯುವುದಿಲ್ಲ. ಮುಚ್ಚಿಟ್ಟದ್ದು ಏನು ಎಂದು ಮೊದಲು ಕೇಳಿಕೊಳ್ಳಿ. ತಪ್ಪನ್ನು ಮುಚ್ಚಿಟ್ಟಿದ್ದರೆ ಮಾತ್ರ ಕಮ್ ಕ್ಲೀನ್. ಅದು ಕನ್ನಡದ ‘ಬಾಯಿ ಬಿಡು’, ‘ತಪ್ಪೊಪ್ಪಿಕೋ’. ಮೀಟಿಂಗಿನಲ್ಲಿ ‘ಐ ವಿಲ್ ಕಮ್ ಕ್ಲೀನ್ ಅಬೌಟ್ ಮೈ ಒಪಿನಿಯನ್’ ಎಂದರೆ, ಇವನು ಇಷ್ಟು ದಿನ ಏನೋ ಕಿತಾಪತಿ ಮಾಡಿದ್ದಾನೆ ಎಂದು ಕೇಳಿದವರು ತಿಳಿಯುತ್ತಾರೆ. ಮುಚ್ಚಿಟ್ಟದ್ದು ಉದ್ದೇಶವಾದರೆ ಕಾರ್ಡ್ಸ್ ಆನ್ ದ ಟೇಬಲ್. ಕೈಯಲ್ಲಿರುವ ಎಲೆಗಳನ್ನು ಮೇಜಿನ ಮೇಲೆ ತೆರೆದಿಡುವ ಚಿತ್ರ ಅದು. ಸಂಬಳ, ಬಾಡಿಗೆ, ಪಾಲುದಾರಿಕೆಯಂಥ ಚೌಕಾಸಿಯಲ್ಲಿ ‘ನನಗೆ ಬೇಕಾದ್ದು ಇಷ್ಟು’ ಎಂದು ಮೊದಲೇ ಹೇಳುವಾಗ ಒಪ್ಪುತ್ತದೆ.

ಕುದುರೆಯ ಬಾಯಿಯನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಅದು ಪ್ರಾಮಾಣಿಕತೆಯ ಮಾತಲ್ಲ, ಸುದ್ದಿಯ ಮೂಲದ ಮಾತು. ರೇಸಿನ ಟಿಪ್ಪಿನಿಂದ ಬಂದದ್ದು: ಯಾವ ಕುದುರೆ ಗೆಲ್ಲುತ್ತದೆಂದು ಕುದುರೆಯೇ ಹೇಳಿದ ಹಾಗೆ. ‘ಖುದ್ದು ಅವರ ಬಾಯಿಂದಲೇ ಕೇಳಿದೆ’ ಎನ್ನುವಲ್ಲಿ ಬಳಸಿ.

ಮಿನ್ಸ್ ಎಂದರೆ ಮಾಂಸವನ್ನು ಕೈಮಾ ಮಾಡುವುದು, ಸಣ್ಣಗೆ ಕೊಚ್ಚುವುದು. ಕಹಿ ಮಾತನ್ನು ನುಂಗಲು ಸುಲಭವಾಗಲಿ ಎಂದು ಮೆದುಮಾಡುವುದು ಎಂಬಲ್ಲಿಗೆ ಅರ್ಥ ಹಿಗ್ಗಿದೆ. ಮಾತಿನ ವಿಷಯಕ್ಕೆ ಬಂದಾಗ ಇದನ್ನು ಬಹುಮಟ್ಟಿಗೆ ನಿಷೇಧದಲ್ಲೇ ಬಳಸುತ್ತಾರೆ: ಡಸಂಟ್ ಮಿನ್ಸ್, ಡಿಡಂಟ್ ಮಿನ್ಸ್. ‘ಹಿ ಮಿನ್ಸಸ್ ಹಿಸ್ ವರ್ಡ್ಸ್’ ಎಂದು ಮಕ್ಕಳು ಬರೆದರೆ ವ್ಯಾಕರಣ ತಪ್ಪಿಲ್ಲ, ಆದರೆ ಹಾಗೆ ಆಡುವವರು ಸಿಗುವುದು ಕಡಿಮೆ. ಇಲ್ಲಿ ಪದಶಃ ಅನುವಾದ ಪೂರ್ತಿ ಕೈಕೊಡುತ್ತದೆ. ನಮ್ಮಲ್ಲಿ ಕೊಚ್ಚುವುದು ಬಡಾಯಿ, ಜಂಬ. ‘ಮಾತು ಕೊಚ್ಚದೆ ಹೇಳಿದ’ ಎಂದರೆ ‘ಜಂಬ ಪಡದೆ ಹೇಳಿದ’ ಎಂದಾಗುತ್ತದೆ. ‘ಮುಲಾಜಿಲ್ಲದೆ ಹೇಳಿದ’ ಸರಿಯಾದ ಜೋಡಿ. ‘ಕಡ್ಡಿ ಮುರಿದಂತೆ’ ಎನ್ನುವುದು ಹತ್ತಿರವಾದರೂ ಬೇರೆ. ‘ಬರೋದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ’ ಎನ್ನುವಾಗ ಅಲ್ಲಿ ಮಾತು ಮುಗಿಯಿತು ಎನ್ನುವುದೇ ಮುಖ್ಯ, ಕಟುವಾಗಿರಬೇಕೆಂದಿಲ್ಲ.

ಇನ್ನು ಸ್ಪೇಡ್. ಇದು ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎನ್ನುವಾಗಿನ ಇಸ್ಪೀಟು ಅಲ್ಲ, ನೆಲ ಅಗೆಯುವ ಸಲಕರಣೆ. ಕಾರ್ಡ್ಸ್ ಪಕ್ಕದಲ್ಲೇ ಕಲಿಸಿದರೆ ಮಕ್ಕಳಿಗೆ ಗೊಂದಲ ಖಂಡಿತ, ಎರಡನ್ನೂ ದೂರ ಇಡಿ. ಮೂಲದ ಗ್ರೀಕ್ ಮಾತಿನಲ್ಲಿ ಸನಿಕೆಯೂ ಇಲ್ಲ, ಗುದ್ದಲಿಯೂ ಇಲ್ಲ. ‘ಅಂಜೂರವನ್ನು ಅಂಜೂರ, ಮರಿಗೆಯನ್ನು ಮರಿಗೆ ಎನ್ನುವವರು’ ಎಂದಿತ್ತು. ಡಚ್ ವಿದ್ವಾಂಸ ಎರಾಸ್ಮಸ್ ಅದನ್ನು ಲ್ಯಾಟಿನ್‌ಗೆ ತರುವಾಗ ಮರಿಗೆಯ ಜಾಗಕ್ಕೆ ಲಿಗೋ ಎಂಬ ಅಗೆಯುವ ಸಲಕರಣೆ ಬಂತು. 1542ರಲ್ಲಿ ಇಂಗ್ಲೆಂಡಿನ ನಿಕೊಲಸ್ ಯೂಡಲ್ ಎಂಬಾತ ಎರಾಸ್ಮಸ್‌ನ ಲ್ಯಾಟಿನ್ ಸಂಗ್ರಹವೊಂದನ್ನು ಇಂಗ್ಲಿಷಿಗೆ ತಂದಾಗ ಸ್ಪೇಡ್ ಆಯಿತು. ಲಿಗೋ ಎನ್ನುವುದು ಎತ್ತಿ ಹೊಡೆಯುವ ಜಾತಿಯದು, ಕಾಲಲ್ಲಿ ಒತ್ತುವ ಸ್ಪೇಡಿಗಿಂತ ನಮ್ಮ ಗುದ್ದಲಿಗೇ ಹತ್ತಿರ! ಆದರೂ ‘ಗುದ್ದಲಿಯನ್ನು ಗುದ್ದಲಿ ಎನ್ನು’ ಎಂದರೆ ಕನ್ನಡದಲ್ಲಿ ಏನೂ ಹುಟ್ಟುವುದಿಲ್ಲ. ‘ಇದ್ದದ್ದನ್ನು ಇದ್ದ ಹಾಗೆ ಹೇಳು’ ಎಂಬುದು ಸಾಕು. ಎದ್ದು ಬಂದು ಎದೆಗೆ ಒದೆಯುವ ಗಾದೆಯ ನೆನಪೂ ಅದರ ಬೆನ್ನಿಗೇ ಬರುತ್ತದೆ, ಅದು ಲಾಭವೇ.

ಒಂದು ಎಚ್ಚರಿಕೆ. 20ನೇ ಶತಮಾನದ ಅಮೆರಿಕದಲ್ಲಿ ಸ್ಪೇಡ್ ಎಂಬುದು ಕಪ್ಪು ಜನರನ್ನು ಹೀಯಾಳಿಸುವ ಪದವೂ ಆಯಿತು. ನುಡಿಗಟ್ಟು ಅದಕ್ಕಿಂತ ಎಷ್ಟೋ ಹಳೆಯದು, ಹುಟ್ಟಿನಲ್ಲಿ ಸಂಬಂಧವಿಲ್ಲ. ಆದರೂ ಅಲ್ಲಿನವರ ಜೊತೆ ಮಾತಾಡುವಾಗ ‘ಟೆಲ್ ಇಟ್ ಲೈಕ್ ಇಟ್ ಈಸ್’ ಎನ್ನುವುದು ಕ್ಷೇಮ.

ಇನ್ನೊಂದು ಉತ್ತರ:

ಮೇಲಿನ ಉತ್ತರದಲ್ಲಿ ಬುಷ್ ಬಿಟ್ಟುಹೋಗಿದೆ. ಅಡ್ಡಗೋಡೆಯ ದೀಪ ಅದಕ್ಕೆ ಹೊಂದುವುದಿಲ್ಲ. ದೀಪ ಎರಡೂ ಕಡೆಗೆ ಬೆಳಕು ಕೊಡುತ್ತದೆ, ಆದ್ದರಿಂದ ಅದು ಯಾವ ಪಕ್ಷ ಎಂದು ಬಿಟ್ಟುಕೊಡದವರ ಮಾತು, ‘ಸಿಟ್ ಆನ್ ದ ಫೆನ್ಸ್’ ಕಡೆಯದು. ಬುಷ್ ಬಂದದ್ದು ಹಕ್ಕಿ ಬೇಟೆಯಿಂದ. ಒಬ್ಬರು ಪೊದೆಯ ಸುತ್ತ ಬಡಿದು ಹಕ್ಕಿ ಎಬ್ಬಿಸುತ್ತಾರೆ, ಹಿಡಿಯುವ ಕೆಲಸ ಆಮೇಲಿನದು. ಅಂದರೆ ಅಸಲು ವಿಷಯಕ್ಕೆ ಬಾರದೆ ತಡಮಾಡುವುದು. ‘ಸುತ್ತಿ ಬಳಸಿ ಮಾತಾಡು’ ಎಂಬುದು ಹೊಲಿದಂತೆ ಕೂರುತ್ತದೆ. ಅಬೌಟ್ ಬ್ರಿಟಿಷರದು, ಅರೌಂಡ್ ಅಮೆರಿಕನ್ನರದು. ಎರಡನ್ನೂ ನುಂಗಿ ‘ಬೀಟಿಂಗ್ ದ ಬುಷ್’ ಎಂದು ಬರೆಯುವುದು ತಪ್ಪು. ಹಿರಿಯರಿಗೆ ‘ಡೋಂಟ್ ಬೀಟ್ ಅಬೌಟ್ ದ ಬುಷ್’ ಎಂದರೆ ಗದರಿದಂತೆ. ‘ಐ ವೋಂಟ್’ ಎಂದು ತನ್ನ ಮೇಲೇ ಹಾಕಿಕೊಂಡರೆ ವಿನಯ ಉಳಿಯುತ್ತದೆ.

ಪಟ್ಟಿಯಲ್ಲಿ ಇಲ್ಲದಿದ್ದರೂ ನಮ್ಮವರು ಅತಿಯಾಗಿ ಬಳಸುವ ‘ಟು ಬಿ ಫ್ರಾಂಕ್’ ಸೇರಿಸಿ. ‘ನಿಜ ಹೇಳಬೇಕೆಂದರೆ’ ಎಂಬುದನ್ನು ನಾವು ಒಳ್ಳೆಯ ಮಾತಿಗೂ ಕೆಟ್ಟ ಮಾತಿಗೂ ಮುಂದಿಡುತ್ತೇವೆ. ಇಂಗ್ಲಿಷಿನಲ್ಲಿ ಫ್ರಾಂಕ್ ಎಂದೊಡನೆ ಕೇಳುವವರು ಕಹಿಗೆ ತಯಾರಾಗುತ್ತಾರೆ. ‘ಟು ಬಿ ಫ್ರಾಂಕ್, ಯುವರ್ ಸಾಂಬಾರ್ ಈಸ್ ಗುಡ್’ ಎಂದರೆ, ಚೆನ್ನಾಗಿರುತ್ತದೆ ಎಂದು ಇವರು ಅಂದುಕೊಂಡಿರಲಿಲ್ಲ ಎಂದು ಅಡುಗೆ ಮಾಡಿದವರಿಗೆ ಅನ್ನಿಸುತ್ತದೆ.