ಸಣ್ಣ ದೋಣಿಗೆ ಎಐಎಸ್ ಟ್ರಾನ್ಸ್‌ಪಾಂಡರ್: ಹಾಕಿಸಿಕೊಂಡವರು ಎಡವಿದ್ದು ಎಲ್ಲಿ?

ಪ್ರಶ್ನೆ

ನನ್ನದು 8 ಮೀಟರ್ ಉದ್ದದ ಫೈಬರ್ ದೋಣಿ. ಒಂದೇ ಎಂಜಿನ್, 12 ವೋಲ್ಟ್ ಬ್ಯಾಟರಿ. ಹಡಗುಗಳೊಂದಿಗೆ ಮಾತನಾಡುವ ವಿಎಚ್‌ಎಫ್ ರೇಡಿಯೊ, ನಕ್ಷೆಯ ಮೇಲೆ ಸ್ಥಾನ ತೋರಿಸುವ ಜಿಪಿಎಸ್ ಪ್ಲಾಟರ್ ಎರಡೂ ಇವೆ. ಹಡಗುಗಳು ಓಡಾಡುವ ದಾರಿಯನ್ನು ಮುಂಜಾನೆಯ ಮಂಜಿನಲ್ಲೇ ದಾಟಬೇಕಾಗುತ್ತದೆ. ಹೋದ ವಾರ ಒಂದು ಹಡಗು ಎದೆ ನಡುಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಎಐಎಸ್ ಎಂದರೆ ನಮ್ಮ ಹೆಸರು, ಸ್ಥಾನ, ವೇಗವನ್ನು ರೇಡಿಯೊ ಮೂಲಕ ಸುತ್ತಲಿನ ಹಡಗುಗಳಿಗೆ ತಾನಾಗಿ ತಿಳಿಸಿ, ಅವುಗಳದ್ದನ್ನು ನಮಗೆ ತೋರಿಸುವ ವ್ಯವಸ್ಥೆ. ಅದರಲ್ಲಿ ಸಣ್ಣ ದೋಣಿಗಳ ಬಗೆಯಾದ ಕ್ಲಾಸ್ ಬಿ ಟ್ರಾನ್ಸ್‌ಪಾಂಡರ್ ಹಾಕಬೇಕೆಂದು ಅಂದೇ ತೀರ್ಮಾನಿಸಿದೆ. ಇರುವ ವಿಎಚ್‌ಎಫ್ ಆಂಟೆನಾವನ್ನೇ ಅದಕ್ಕೂ ಬಳಸಬಹುದೇ, ಬೇರೆಯದು ಬೇಕೇ? ನಾನೇ ಜೋಡಿಸಬಹುದೇ? ಈಗಾಗಲೇ ಹಾಕಿಕೊಂಡವರು ತಮ್ಮ ಅನುಭವ ತಿಳಿಸಿದರೆ ಉಪಕಾರ.

ಹಾಯಿದೋಣಿಯವರ ಅನುಭವ

ಯಾವ ಕಂಪನಿಯ ಪೆಟ್ಟಿಗೆ ಕೊಳ್ಳಬೇಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಆಂಟೆನಾದ ಕೇಬಲನ್ನು ಮಾತ್ರ ಕೊನೆಯ ಅರ್ಧ ಗಂಟೆಯಲ್ಲಿ ಎಳೆದು ಮುಗಿಸಿದವನು ನಾನು. ಅದರ ಫಲ ಒಂದಿಡೀ ಋತು ಅನುಭವಿಸಿದೆ. ನನ್ನ ಪ್ಲಾಟರಿನಲ್ಲಿ ಹಡಗುಗಳೆಲ್ಲ ಸಾಲಾಗಿ ಕಾಣುತ್ತಿದ್ದವು, ಪೆಟ್ಟಿಗೆಯ ಹಸಿರು ದೀಪವೂ ಉರಿಯುತ್ತಿತ್ತು. ಆದರೆ ಅರ್ಧ ಮೈಲಿ ದೂರದಲ್ಲಿ ಜೊತೆಯಾಗಿ ಸಾಗುತ್ತಿದ್ದ ಗೆಳೆಯನ ತೆರೆಯಲ್ಲಿ ನಾನು ಇರಲೇ ಇಲ್ಲ! ಬಿಚ್ಚಿ ನೋಡಿದರೆ ಕಂಬದ ಬುಡದ ಕನೆಕ್ಟರಿನೊಳಗೆ ಉಪ್ಪುನೀರು ಇಳಿದು ತಾಮ್ರವೆಲ್ಲ ಹಸಿರುಗಟ್ಟಿತ್ತು.

ಇದು ಮೋಸ ಮಾಡುವುದು ಹೀಗೆ: ದೊಡ್ಡ ಹಡಗಿನ ಕ್ಲಾಸ್ ಎ ಸಾಧನ 12.5 ವ್ಯಾಟ್ ಶಕ್ತಿಯಿಂದ, ಅದೂ ಎತ್ತರದ ಆಂಟೆನಾದಿಂದ ಕಳಿಸುತ್ತದೆ. ನಿಮ್ಮ ಜೋಡಣೆ ಎಷ್ಟೇ ಕೆಟ್ಟಿದ್ದರೂ ಅದು ಒಳಗೆ ನುಸುಳಿ ಬರುತ್ತದೆ. ಸಾಮಾನ್ಯ ಕ್ಲಾಸ್ ಬಿ ಕಳಿಸುವುದು ಬರೀ 2 ವ್ಯಾಟ್. ಅದರಲ್ಲೂ ತೆಳ್ಳಗಿನ ಆರ್‌ಜಿ-58 ಕೇಬಲನ್ನು 15 ಮೀಟರ್ ಎಳೆದರೆ ಹತ್ತಿರ ಹತ್ತಿರ ಅರ್ಧದಷ್ಟು ಕೇಬಲಿನಲ್ಲೇ ಕರಗುತ್ತದೆ. ನಿಮ್ಮ ದೋಣಿಗೆ ಅಷ್ಟು ಉದ್ದ ಬೇಕಿಲ್ಲ, ಆದರೂ ದಪ್ಪ ಕೇಬಲನ್ನೇ ಹಾಕಿ. ಉಳಿದದ್ದನ್ನು ಸುರುಳಿ ಸುತ್ತಿ ಮೂಲೆಗೆ ತುರುಕದೆ ಅಳತೆಗೆ ಕತ್ತರಿಸಿ. ಹೊರಗಿರುವ ಪ್ರತಿ ಕನೆಕ್ಟರಿಗೂ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಿ. ಮಾಮೂಲಿ ಕಪ್ಪು ಟೇಪು ಒಂದೇ ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ.

ಆಂಟೆನಾ ಎಷ್ಟು ಎತ್ತರ ಎನ್ನುವುದಕ್ಕೆ ನಾನು ಬಳಸುವ ಲೆಕ್ಕ ಇದು. ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲ ಕೂಡಿಸಿ, 2.2ರಿಂದ ಗುಣಿಸಿದರೆ ನಾಟಿಕಲ್ ಮೈಲಿಯಲ್ಲಿ ದೂರ ಸಿಗುತ್ತದೆ. ನಿಮ್ಮದು 4 ಮೀಟರ್, ಹಡಗಿನದು 25 ಮೀಟರ್ ಎಂದಿಟ್ಟುಕೊಂಡರೆ ಸುಮಾರು 15 ಮೈಲಿ. ನಿಮ್ಮದನ್ನು 9 ಮೀಟರಿಗೆ ಏರಿಸಿದರೂ ಹದಿನೇಳೂವರೆಯಷ್ಟೇ. 2 ವ್ಯಾಟಿಗೆ ಅಷ್ಟೂ ದೂರ ದಕ್ಕುವುದಿಲ್ಲ, ಇದು ಮೇಲಿನ ಮಿತಿ. ಹಾಗಾಗಿ ಎತ್ತರಕ್ಕಾಗಿ ಹಟ ಹಿಡಿಯುವುದಕ್ಕಿಂತ ಒಳ್ಳೆಯ ಕೇಬಲಿಗೆ ಖರ್ಚು ಮಾಡುವುದು ಲೇಸು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಟಿ ಆಕಾರದ ಜೋಡಣೆ ಹಾಕಿ ಎರಡನ್ನೂ ಒಂದೇ ಆಂಟೆನಾಕ್ಕೆ ಸೇರಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ನೀವು ರೇಡಿಯೊದಲ್ಲಿ ಮಾತನಾಡಿದ ಕ್ಷಣ 25 ವ್ಯಾಟ್ ನೇರವಾಗಿ ಟ್ರಾನ್ಸ್‌ಪಾಂಡರಿನ ಕಿವಿಗೆ ಬಡಿದು ಅದನ್ನು ಸುಡುತ್ತದೆ. ಹಂಚಿಕೊಳ್ಳಲೇಬೇಕಿದ್ದರೆ ಟ್ರಾನ್ಸ್‌ಪಾಂಡರಿಗೆಂದೇ ತಯಾರಾದ ಸ್ಪ್ಲಿಟರ್, ಅಂದರೆ ಒಂದು ಆಂಟೆನಾವನ್ನು ಎರಡು ಸಾಧನಗಳಿಗೆ ಹಂಚುವ ಪೆಟ್ಟಿಗೆ ಬೇಕು. ಬರೀ ರಿಸೀವರಿಗೆಂದು ಮಾಡಿದ್ದು ಆಗದು. ಸ್ಪ್ಲಿಟರಿಗೆ ವಿದ್ಯುತ್ ತಪ್ಪಿದರೂ ರೇಡಿಯೊ ಮಾತು ನಿಲ್ಲದಂಥದ್ದನ್ನೇ ಕೇಳಿ ಕೊಳ್ಳಿ. ನಾನು ಅದರಿಂದಲೇ ಆರಂಭಿಸಿ, ಆಮೇಲೆ ಬೇರೆ ಆಂಟೆನಾಕ್ಕೆ ಬಂದೆ. ಹಂಚಿಕೊಂಡಾಗ ನೀವು ಮಾತನಾಡುವಷ್ಟು ಹೊತ್ತು ಎಐಎಸ್ ಸುಮ್ಮನಿರುತ್ತದೆ. ಮಂಜಿನಲ್ಲಿ ಹಡಗನ್ನು ಕರೆಯುತ್ತಿರುವಾಗಲೇ ಅದು ನಿಮ್ಮನ್ನು ತೋರಿಸಬೇಕು, ಅಲ್ಲವೇ? ಎಐಎಸ್ ನಡೆಯುವುದು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸಮುದ್ರದ ವಿಎಚ್‌ಎಫ್ ಪಟ್ಟಿಯ ಮೇಲಂಚಿನಲ್ಲಿ. ಅದಕ್ಕೆ ಹೊಂದಿಸಿದ ಆಂಟೆನಾ ಕೊಳ್ಳಿ. ವಿಎಚ್‌ಎಫ್ ಆಂಟೆನಾ ಮುರಿದ ದಿನ ಇದೇ ಬದಲಿಯಾಗುತ್ತದೆ. 3 ಡೆಸಿಬೆಲ್ ಗೇನಿನದು (ಗೇನ್ ಎಂದರೆ ಶಕ್ತಿಯನ್ನು ಸುತ್ತಲಿನ ದಿಗಂತದತ್ತ ಎಷ್ಟು ಒಟ್ಟುಗೂಡಿಸುತ್ತದೆ ಎಂಬ ಅಳತೆ) ಸಾಕು. ಹೆಚ್ಚಿನ ಗೇನಿನದು ಚಪ್ಪಟೆಯಾಗಿ ಹರಡುತ್ತದೆ. ಸಣ್ಣ ದೋಣಿ ಹೊರಳಿದಾಗ ಅದು ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ಹೋಗುತ್ತದೆ.

ಮೀನುಗಾರಿಕೆಯ ದೋಣಿಯಿಂದ

ಎಲ್‌ಇಡಿ ದೀಪಗಳ ಮೇಲೆ ಕಣ್ಣಿಡಿ. ಕಂಬದ ದೀಪವನ್ನು ಅಗ್ಗದ ಎಲ್‌ಇಡಿಗೆ ಬದಲಿಸಿದ ಮೇಲೆ ರಾತ್ರಿ ಹೊತ್ತು ನಮಗೆ ಹಡಗುಗಳು ಕಾಣುವುದು ಕಡಿಮೆಯಾಯಿತು. ಹಗಲಿನಲ್ಲಿ ಏನೂ ತೊಂದರೆಯಿಲ್ಲ. ದೀಪ ಹೊಮ್ಮಿಸುವ ರೇಡಿಯೊ ಗದ್ದಲವೇ ಇದಕ್ಕೆ ಕಾರಣ ಎಂದು ಹೊಳೆಯಲು ಎರಡು ತಿಂಗಳು ಬೇಕಾಯಿತು. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದೇ ವಿಷಯವಾಗಿ ಎಚ್ಚರಿಕೆ ಹೊರಡಿಸಿತ್ತು. ಪರೀಕ್ಷೆ ಸುಲಭ: ದೀಪ ಆರಿಸಿ, ರೇಡಿಯೊವನ್ನು ಖಾಲಿ ಚಾನೆಲಿಗೆ ಇಟ್ಟು, ಗೊರಗೊರ ಸದ್ದು ಆಗಷ್ಟೇ ನಿಲ್ಲುವಂತೆ ಸ್ಕ್ವೆಲ್ಚ್ (ಸದ್ದು ತಡೆಯುವ ಗುಂಡಿ) ತಿರುಗಿಸಿ. ಈಗ ದೀಪ ಹಾಕಿ. ಸದ್ದು ಮರಳಿದರೆ ಕಳ್ಳ ಸಿಕ್ಕ.

ವಿದ್ಯುತ್ತನ್ನು ಬ್ಯಾಟರಿಯಿಂದ ಬೇರೆ ಫ್ಯೂಸಿನೊಂದಿಗೆ ನೇರವಾಗಿ ತನ್ನಿ. ನಮ್ಮ ಟ್ರಾನ್ಸ್‌ಪಾಂಡರ್ ಎಂಜಿನ್ ಚಾಲೂ ಮಾಡಿದಾಗಲೆಲ್ಲ ವೋಲ್ಟೇಜ್ ಕುಸಿದು ಆರಿಹೋಗಿ, ಮತ್ತೆ ಉಪಗ್ರಹ ಹುಡುಕುತ್ತ ಕೂರುತ್ತಿತ್ತು.

ಎಂಎಂಎಸ್‌ಐ ವಿಷಯದಲ್ಲಿ ಸುಟ್ಟುಕೊಂಡವರಿಂದ

ದೋಣಿಯನ್ನು ರೇಡಿಯೊದಲ್ಲಿ ಗುರುತಿಸಲು ನಿಮ್ಮ ದೇಶದ ರೇಡಿಯೊ ಪರವಾನಗಿ ಇಲಾಖೆ ಕೊಡುವ ಒಂಬತ್ತು ಅಂಕೆಯ ಸಂಖ್ಯೆ ಇದು. ವಿಎಚ್‌ಎಫ್ ರೇಡಿಯೊಗೆ ಆಗಲೇ ಪಡೆದಿದ್ದರೆ ಅದನ್ನೇ ಹಾಕಬೇಕು. ಬಹಳಷ್ಟು ಪೆಟ್ಟಿಗೆಗಳು ಇದನ್ನು ಒಂದೇ ಸಲ ಬರೆಯಲು ಬಿಡುತ್ತವೆ. ನಾನು 6 ಎಂದಿದ್ದಲ್ಲಿ 9 ಒತ್ತಿ, ತಿದ್ದಿಸಲು ಪೆಟ್ಟಿಗೆಯನ್ನೇ ವಾಪಸು ಕಳಿಸಬೇಕಾಯಿತು. ಕೆಲವು ದೇಶಗಳಲ್ಲಿ ಮಾರಾಟಗಾರರೇ ಬರೆದುಕೊಡಬೇಕೆಂಬ ನಿಯಮವೂ ಇದೆ, ಮೊದಲು ವಿಚಾರಿಸಿ.

ಜಿಪಿಎಸ್ ಆಂಟೆನಾ ದೋಣಿಯ ಮುಂತುದಿಯಿಂದ, ಹಿಂತುದಿಯಿಂದ, ಎಡಬಲಗಳಿಂದ ಎಷ್ಟು ಮೀಟರ್ ಎಂಬುದನ್ನೂ ತುಂಬಬೇಕು. ಉದ್ದ ಅಗಲ ಲೆಕ್ಕವಾಗುವುದು ಅದರಿಂದಲೇ. ಹಾಕಿದ ಕೂಡಲೇ ಹೆಸರು ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ಹೆಸರು, ಅಳತೆ ಹೋಗುವುದು ಆರು ನಿಮಿಷಕ್ಕೊಮ್ಮೆ. ಪ್ಲಾಟರಿಗೆ ದೋಣಿಯ ಸಾಧನಗಳು ಮಾಹಿತಿ ಹಂಚಿಕೊಳ್ಳುವ ಹಳೆಯ ಎನ್‌ಎಂಇಎ 0183 ತಂತಿಯಲ್ಲಿ ಜೋಡಿಸುವುದಾದರೆ ಮಾಹಿತಿಯ ವೇಗ (ಬಾಡ್) 38400 ಎಂದಿಡಿ, 4800 ಅಲ್ಲ.

ಸ್ವಲ್ಪ ತಣ್ಣೀರು

ಯಾರೂ ಹೇಳಲಿಲ್ಲವೆಂದು ನಾನು ಹೇಳುತ್ತೇನೆ. 2 ವ್ಯಾಟಿನ ಸಾಧನ ನಿಮ್ಮ ಸ್ಥಾನವನ್ನು ತಿಳಿಸುವುದು 30 ಸೆಕೆಂಡಿಗೊಮ್ಮೆ. ವೇಗ 2 ನಾಟಿಗಿಂತ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಕಡಿಮೆಯಾದರೆ 3 ನಿಮಿಷಕ್ಕೊಮ್ಮೆ. 20 ನಾಟ್ ವೇಗದಲ್ಲಿ 30 ಸೆಕೆಂಡಿಗೆ ನೀವು 300 ಮೀಟರ್ ದಾಟಿರುತ್ತೀರಿ. ಸಾಲದ್ದಕ್ಕೆ ಅದು ಬಲು ಸಂಕೋಚದ ಸಾಧನ: ಗಾಳಿಯಲ್ಲಿ ಖಾಲಿ ಜಾಗ ಇದೆಯೇ ಎಂದು ಕೇಳಿಸಿಕೊಂಡು, ಇದ್ದರೆ ಮಾತ್ರ ಬಾಯಿ ಬಿಡುತ್ತದೆ. ವೇಗದ ದೋಣಿಯಾದರೆ 5 ವ್ಯಾಟಿನ, ಜಾಗವನ್ನು ಮೊದಲೇ ಕಾದಿರಿಸುವ ಹೊಸ ಬಗೆಯ ಕ್ಲಾಸ್ ಬಿ ನೋಡಿ. ಅದು 23 ನಾಟ್ ಮೀರಿದರೆ 5 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಹಡಗಿನ ರೇಡಾರಿಗೆ ದೋಣಿ ಕಾಣುವಂತೆ ಮಾಡುವ ರೇಡಾರ್ ಪ್ರತಿಫಲಕವನ್ನು ಮಾತ್ರ ಕಿತ್ತುಹಾಕಬೇಡಿ. ಹಡಗಿನ ಮೇಲೆ ಕಾವಲಿನವರು ತೆರೆಯನ್ನೇ ನೋಡುತ್ತಿದ್ದಾರೆ ಎಂಬ ಭರವಸೆ ನನಗಂತೂ ಇಲ್ಲ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ಬಳಿಕ

ಎಲ್ಲರಿಗೂ ಧನ್ಯವಾದ. 5 ವ್ಯಾಟಿನದನ್ನೇ ಕೊಂಡೆ. ಕ್ಯಾಬಿನ್ ಚಾವಣಿಯ ಎಡಕ್ಕೆ ವಿಎಚ್‌ಎಫ್, ಬಲಕ್ಕೆ ಹೊಸ ಆಂಟೆನಾ. ಸಂಖ್ಯೆ ಒತ್ತುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಲ ಓದಿಸಿದೆ. ಆಂಟೆನಾ ಹೊಂದಾಣಿಕೆಯ ಅಳತೆ, ಅದೇ ವಿಎಸ್‌ಡಬ್ಲ್ಯುಆರ್ (1ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು), ಮೊದಲು 3ಕ್ಕಿಂತ ಮೇಲೆ ಬಂದು ಎಚ್ಚರಿಕೆ ದೀಪ ಹೊತ್ತಿತು. ಕನೆಕ್ಟರಿನಲ್ಲಿ ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿತ್ತು. ಕತ್ತರಿಸಿ ಮತ್ತೆ ಬೆಸುಗೆ ಹಾಕಿದ ಮೇಲೆ 1.4. ನಿನ್ನೆ ಪರಿಚಯದ ಟಗ್ ದೋಣಿಯವರನ್ನು ರೇಡಿಯೊದಲ್ಲಿ ಕೇಳಿದೆ: ಆರು ಮೈಲಿಯಿಂದಲೇ ಹೆಸರು ಸಮೇತ ಕಾಣುತ್ತಿದ್ದೇನಂತೆ. ಎಲ್‌ಇಡಿ ಪರೀಕ್ಷೆ ಇನ್ನೂ ಬಾಕಿ ಇದೆ, ಈ ರಾತ್ರಿ ಮಾಡುತ್ತೇನೆ.